ಗೃಹಸ್ಥ ನ್ಯಾಯವಾದಿ ಬೆಂಜಮಿನ್ ಫೆರೆಂಜ್

ವಕೀಲಿ ವೃತ್ತಿಯ ವಿಷಯದಲ್ಲಿ ನಮ್ಮ ಜನಕ್ಕೆ ಆದರಕ್ಕಿಂತ ಅಂಜಿಕೆಯೇ ಹೆಚ್ಚು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹುಟ್ಟಿದ್ದು ಈ ಅಂಜಿಕೆಯಿಂದಲೇ. ಸೈನಿಕನನ್ನು ನಾವು ಗೌರವಿಸುತ್ತೇವೆ, ಆದರೆ ದೂರದಿಂದ. ಇನ್ನು ಹೆಂಡತಿ ಮಕ್ಕಳನ್ನು ಪ್ರೀತಿಸಿ ಬಾಳಿದವನ ಕೀರ್ತಿಯಂತೂ ಅವನ ಮನೆಯ ಹೊಸ್ತಿಲನ್ನು ದಾಟುವುದೇ ಅಪರೂಪ. ಈ ಮೂರೂ ಆಗಿ ಬಾಳಿ, 103ನೆಯ ವಯಸ್ಸಿನಲ್ಲಿ, 2023ರ ಏಪ್ರಿಲ್ 7ರಂದು ಅಮೆರಿಕದ ಫ್ಲಾರಿಡಾದಲ್ಲಿ ತೀರಿಕೊಂಡ ಬೆಂಜಮಿನ್ ಫೆರೆಂಜ್ ಅವರ ಜೀವನವನ್ನು ಓದಿದಂದಿನಿಂದ ಅದನ್ನು ಕನ್ನಡ ವಾಚಕರೊಡನೆ ಹಂಚಿಕೊಳ್ಳಬೇಕೆಂಬ ಆಸೆ ನನ್ನನ್ನು ಬಿಟ್ಟಿಲ್ಲ.

ಫೆರೆಂಜ್ ಹುಟ್ಟಿದ್ದು 1920ರ ಮಾರ್ಚ್ 11ರಂದು, ಹಂಗೆರಿಯಿಂದ ರುಮೇನಿಯಕ್ಕೆ ಕೈಬದಲಾಗುತ್ತಿದ್ದ ಟ್ರಾನ್ಸಿಲ್ವೇನಿಯದಲ್ಲಿ, ಒಂದು ಬಡ ಯೆಹೂದಿ ಕುಟುಂಬದಲ್ಲಿ. ತಂದೆ ಚಪ್ಪಲಿ ಹೊಲಿಯುವವರು. ಮಗುವಿಗೆ ವರ್ಷ ತುಂಬುವ ಮೊದಲೇ ಸಂಸಾರ ಹಡಗನ್ನೇರಿ ನ್ಯೂಯಾರ್ಕಿಗೆ ಬಂದಿತು. ಅಲ್ಲಿ ತಂದೆಯ ಕೈಕಸಬಿಗೆ ಬೆಲೆ ಸಿಗದೆ, ಬಾಡಿಗೆ ಕಟ್ಟಡವೊಂದನ್ನು ನೋಡಿಕೊಳ್ಳುವ ಚಾಕರಿಯೇ ಗತಿಯಾಯಿತು. ಅದೇ ಕಟ್ಟಡದ ನೆಲಮಾಳಿಗೆ ಮನೆಯಾಯಿತು. ಅಲ್ಲಿಂದ ಹೊರಟ ಹುಡುಗ ವಿದ್ಯಾರ್ಥಿವೇತನದ ಬಲದಿಂದ ಹಾರ್ವರ್ಡ್ ಕಾನೂನು ಶಾಲೆಯನ್ನು ಸೇರಿ, 1943ರಲ್ಲಿ ಪದವಿ ಪಡೆದು, ಅದೇ ವರ್ಷ ಸಾಮಾನ್ಯ ಸಿಪಾಯಿಯಾಗಿ ಸೇನೆಗೆ ಸೇರಿದರು.

ವಿಮಾನ ಹೊಡೆಯುವ ಫಿರಂಗಿದಳದೊಡನೆ ನಾರ್ಮಂಡಿಯಲ್ಲಿಳಿದು, ಫ್ರಾನ್ಸನ್ನು ಹಾದು, ಅವರು ಜರ್ಮನಿಯವರೆಗೆ ನಡೆದರು. ಯುದ್ಧದ ಕೊನೆಯ ತಿಂಗಳುಗಳಲ್ಲಿ ಸೇನೆಗೆ ಅವರ ಕಾನೂನು ವಿದ್ಯೆಯ ನೆನಪಾಯಿತು. ಬೂಖೆನ್‌ವಾಲ್ಡ್, ಮೌಟ್‌ಹೌಸೆನ್ ಮೊದಲಾದ ಬಂಧನಶಿಬಿರಗಳಿಗೆ ಸೈನ್ಯ ಕಾಲಿಟ್ಟೊಡನೆ ಅಲ್ಲಿನ ದಾಖಲೆಗಳನ್ನು ವಶಪಡಿಸಿಕೊಳ್ಳುವುದು ಅವರ ಕೆಲಸವಾಯಿತು. ಹೆಣಗಳು ಸೌದೆಯಂತೆ ಒಟ್ಟಿದ್ದಲ್ಲಿ ನಿಂತು ಅವರು ಹುಡುಕಿದ್ದು ಕಡತಗಳನ್ನು. 1945ರ ಕೊನೆಯಲ್ಲಿ ಸಾರ್ಜೆಂಟ್ ಆಗಿ ನಿವೃತ್ತರಾದರು. 1946ರ ಮಾರ್ಚ್‌ನಲ್ಲಿ ತಾವು ಪ್ರೀತಿಸಿದ್ದ ಗರ್ಟ್ರೂಡರನ್ನು ಮದುವೆಯಾದರು.

ಅಷ್ಟರಲ್ಲೇ ನ್ಯೂರೆಂಬರ್ಗಿನ ಮುಂದಿನ ವಿಚಾರಣೆಗಳ ಹೊಣೆ ಹೊತ್ತ ಟೆಲ್ಫರ್ಡ್ ಟೇಲರ್ ಅವರಿಂದ ಕರೆ ಬಂದಿತು. ಪೂರ್ವ ಯೂರೋಪಿನಲ್ಲಿ ಸೈನ್ಯದ ಬೆನ್ನಿಗೇ ಸಾಗಿ ಯೆಹೂದಿಗಳನ್ನೂ ಜಿಪ್ಸಿಗಳನ್ನೂ ಇತರರನ್ನೂ ಕೊಲ್ಲುತ್ತಿದ್ದ ವಿಶೇಷ ದಳಗಳ ವರದಿಗಳು ಬರ್ಲಿನ್ನಿನಲ್ಲಿ ಅವರ ಕಚೇರಿಯವರ ಕೈಗೆ ಸಿಕ್ಕಿದವು. ಯಾವ ದಳ, ಯಾವ ಊರು, ಎಷ್ಟು ಜನ: ಎಲ್ಲವೂ ಅಚ್ಚುಕಟ್ಟಾಗಿ ಬರೆದಿತ್ತು. ಫೆರೆಂಜ್ ಒಂದು ಸಣ್ಣ ಲೆಕ್ಕದ ಯಂತ್ರವನ್ನು ಮುಂದಿಟ್ಟುಕೊಂಡು ಕೂಡುತ್ತ ಹೋದರು. ಮೊತ್ತ 10 ಲಕ್ಷ ದಾಟಿದಾಗ ಕೂಡುವುದನ್ನು ನಿಲ್ಲಿಸಿ, ವಿಮಾನ ಹಿಡಿದು ನ್ಯೂರೆಂಬರ್ಗಿಗೆ ಹೋದರು. ಹೊಸ ಮೊಕದ್ದಮೆಗೆ ಜನವೂ ಇಲ್ಲ, ಹಣವೂ ಇಲ್ಲ ಎಂದರು ಟೇಲರ್. ಇರುವ ಕೆಲಸದೊಡನೆ ಇದನ್ನೂ ತಾವೇ ಮಾಡುವುದಾಗಿ ಇವರು ಒಪ್ಪಿಕೊಂಡರು. ಹೀಗೆ 27 ವರ್ಷದ ತರುಣ ಮುಖ್ಯ ಪ್ರಾಸಿಕ್ಯೂಟರ್ ಆದರು. ನ್ಯಾಯಾಲಯದಲ್ಲಿ ಅವರು ನಡೆಸಿದ ಮೊಟ್ಟಮೊದಲ ಮೊಕದ್ದಮೆಯೇ ಅದು.

ರನ್ನನ 'ಗದಾಯುದ್ಧ'ವನ್ನು ತರಗತಿಯಲ್ಲಿ ಪಾಠ ಹೇಳುವಾಗ ನನಗೆ ಈ ಕಡತಗಳ ನೆನಪಾಗುವುದುಂಟು. ದುರ್ಯೋಧನನು ರಣರಂಗದಲ್ಲಿ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ ಎಂದು ಒಬ್ಬೊಬ್ಬರ ಶವದ ಮುಂದೆಯೂ ನಿಲ್ಲುತ್ತಾನೆ, ಅಳುತ್ತಾನೆ. ಅಷ್ಟು ಕೆಡುಕನ್ನು ಮಾಡಿದವನಿಗೂ ಸತ್ತವರ ಹೆಸರು ಗೊತ್ತಿತ್ತು. ಬರ್ಲಿನ್ನಿನ ವರದಿಗಳಲ್ಲಿ ಸತ್ತವರಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ.

1947ರ ಸೆಪ್ಟೆಂಬರಿನಲ್ಲಿ ವಿಚಾರಣೆ ಆರಂಭವಾಯಿತು. ಸಾಕ್ಷಿಗಳನ್ನು ಕರೆಸದೆ, ಕೊಲೆಗಾರರ ಸ್ವಂತ ವರದಿಗಳನ್ನೇ ಮುಂದಿಟ್ಟು, ಎರಡೇ ದಿನಗಳಲ್ಲಿ ಫೆರೆಂಜ್ ತಮ್ಮ ವಾದವನ್ನು ಮುಗಿಸಿದರು. 1948ರ ಏಪ್ರಿಲ್‌ನಲ್ಲಿ ತೀರ್ಪು ಬಂದಿತು: 22 ಮಂದಿಯೂ ಅಪರಾಧಿಗಳು, 14 ಮಂದಿಗೆ ಮರಣದಂಡನೆ. ಅವರಲ್ಲಿ ನಾಲ್ವರನ್ನು ಮಾತ್ರ 1951ರಲ್ಲಿ ಗಲ್ಲಿಗೇರಿಸಲಾಯಿತು. ಆ ದಳಗಳಲ್ಲಿದ್ದವರು ಸುಮಾರು 3,000 ಮಂದಿ. ಕಟಕಟೆಯಲ್ಲಿ ಅಷ್ಟೇ ಆಸನಗಳಿದ್ದವು, ಅದಕ್ಕೆ ಅಷ್ಟೇ ಆರೋಪಿಗಳು ಎಂದು ಫೆರೆಂಜ್ ಮುಂದೆ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. 10 ಲಕ್ಷ ಜೀವಗಳಿಗೆ 22 ಮಂದಿಯನ್ನು ತೂಗುವ ತಕ್ಕಡಿ ಯಾವುದೂ ಇಲ್ಲವೆಂದು ಬಲ್ಲ ಅವರು ಮರಣದಂಡನೆಯನ್ನು ಕೇಳಲೇ ಇಲ್ಲ. ಜಾತಿ ಮತಗಳ ಎಣಿಕೆಯಿಲ್ಲದೆ ಮನುಷ್ಯನಾದವನು ಮಾನದಿಂದ ಬಾಳುವ ಹಕ್ಕನ್ನು ಕಾನೂನು ಕಾಯಬೇಕೆಂದು ಮಾತ್ರ ಕೇಳಿದರು.

ಆರೋಪಿಗಳಲ್ಲಿ ಮುಖ್ಯನಾದವನು ಓಟೋ ಓಲೆಂಡಾರ್ಫ್. ಓದಿದವನು, ನಯವಂತ, ಐದು ಮಕ್ಕಳ ತಂದೆ. ತನ್ನ ದಳ ಸುಮಾರು 90,000 ಜನರನ್ನು ಕೊಂದಿತೆಂದು ಒಪ್ಪಿದ್ದವನು. ಮಕ್ಕಳನ್ನೇಕೆ ಕೊಂದಿರಿ ಎಂಬ ಪ್ರಶ್ನೆಗೆ, ಬಿಟ್ಟರೆ ಅವರು ಬೆಳೆದು ಅಪಾಯವಾಗುತ್ತಿದ್ದರು ಎಂಬ ಅರ್ಥದ ಉತ್ತರ ಕೊಟ್ಟವನು. ಅವನಿಗೆ ಮರಣದಂಡನೆಯಾದ ಮೇಲೆ ಫೆರೆಂಜ್ ಅವನಿದ್ದಲ್ಲಿಗೆ ಹೋದರು. ನಿನ್ನ ಸಂಸಾರಕ್ಕೆ ನನ್ನಿಂದ ಏನಾದರೂ ಆಗಬೇಕೇ ಎಂದು ಕೇಳಿದರು. ಅಮೆರಿಕದ ಯೆಹೂದಿಗಳು ಇದಕ್ಕೆ ಬೆಲೆ ತೆರುತ್ತಾರೆ ಎಂಬ ಬೆದರಿಕೆಯೇ ಅದಕ್ಕೆ ಸಿಕ್ಕ ಮರುನುಡಿ. ಫೆರೆಂಜ್ ವಿದಾಯ ಹೇಳಿ ಹಿಂದಿರುಗಿದರು.

ಈ ಭೇಟಿಯನ್ನು ಓದಿದಾಗಲೆಲ್ಲ ಗೃಹಸ್ಥಧರ್ಮದ ಬಗ್ಗೆ ನನ್ನ ಯೋಚನೆ ಹರಿಯುತ್ತದೆ. ತನ್ನ ಮಕ್ಕಳನ್ನು ಪ್ರೀತಿಸುವುದೇ ಒಂದು ದೊಡ್ಡ ಗುಣವೆಂದು ನಾವು ಹೊಗಳುತ್ತೇವೆ. ಆ ಪ್ರೀತಿ ಓಲೆಂಡಾರ್ಫನಿಗೂ ಇದ್ದಿರಬಹುದು; ಅದು ಅವನ ಮನೆಯ ಗೋಡೆಯಾಚೆಗೆ ಹರಿಯಲಿಲ್ಲ. ಫೆರೆಂಜರಿಗಾದರೋ ಕೊಲೆಗಾರನ ಮಕ್ಕಳೂ ಮಕ್ಕಳಾಗಿಯೇ ಕಂಡರು. ಇಬ್ಬರ ನಡುವಿನ ಅಂತರವೆಲ್ಲ ಇಷ್ಟರಲ್ಲೇ ಇದೆ.

ಫೆರೆಂಜ್ ದಂಪತಿಗಳ ನಾಲ್ವರು ಮಕ್ಕಳೂ ಹುಟ್ಟಿದ್ದು ನ್ಯೂರೆಂಬರ್ಗಿನಲ್ಲಿ. ಬದುಕುಳಿದವರಿಗೆ ಕಸಿದುಕೊಂಡ ಆಸ್ತಿಯನ್ನು ಮರಳಿ ಕೊಡಿಸುವ ಕೆಲಸದಲ್ಲಿ ಕೆಲವು ವರ್ಷ ಕಳೆದು, 1956ರಲ್ಲಿ ಸಂಸಾರ ಅಮೆರಿಕಕ್ಕೆ ಮರಳಿತು. ಮುಂದೆ ಲಾಭದ ವಕೀಲಿಯನ್ನು ಬಿಟ್ಟು, ಜಗತ್ತಿಗೆಲ್ಲ ಒಂದು ಶಾಶ್ವತ ಅಪರಾಧ ನ್ಯಾಯಾಲಯ ಬೇಕೆಂದು ಫೆರೆಂಜ್ ಬರೆದರು, ವಾದಿಸಿದರು, ಅಂಗಲಾಚಿದರು. ಅದಕ್ಕೆ 1998ರಲ್ಲಿ ರೋಮ್ ನಗರದಲ್ಲಿ ಒಡಂಬಡಿಕೆಯಾಯಿತು. 2002ರಲ್ಲಿ ಅದು ಜಾರಿಗೆ ಬಂದಿತು. 2011ರಲ್ಲಿ ಆ ನ್ಯಾಯಾಲಯದ ಮೊದಲ ವಿಚಾರಣೆ ಹೇಗ್ ನಗರದಲ್ಲಿ ಮುಗಿಯುವಾಗ, ಪ್ರಾಸಿಕ್ಯೂಷನ್ ಪರವಾಗಿ ಮಾತಾಡಿದವರಲ್ಲಿ 91 ವರ್ಷದ ಫೆರೆಂಜ್ ಒಬ್ಬರು. ಕಾಂಗೋ ದೇಶದ ಎಳೆಯ ಮಕ್ಕಳ ಕೈಗೆ ಬಂದೂಕು ಕೊಟ್ಟ ಆರೋಪ ಹೊತ್ತಿದ್ದ ಲುಬಾಂಗ 2012ರಲ್ಲಿ ಅಪರಾಧಿಯೆಂದು ತೀರ್ಮಾನವಾಯಿತು.

ಗೆದ್ದವರು ಸೋತವರಿಗೆ ವಿಧಿಸುವುದು ನ್ಯಾಯವೇ ಎಂದು ನಮ್ಮ ರಾಧಾವಿನೋದ ಪಾಲರು ಟೋಕಿಯೋ ವಿಚಾರಣೆಯಲ್ಲಿ, 1948ರಲ್ಲಿ, ಕೇಳಿದ ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಫೆರೆಂಜರ ಬಾಳೇ ಅದಕ್ಕೆ ಒಂದು ಉತ್ತರವೆಂದು ನನಗೆ ತೋರುತ್ತದೆ. 2003ರಲ್ಲಿ ತಮ್ಮ ದೇಶವೇ ಇರಾಕಿನ ಮೇಲೆ ಹೂಡಿದ ಯುದ್ಧವನ್ನೂ ಅವರು ಅದೇ ಕಾನೂನಿನ ಅಳತೆಗೋಲಿನಿಂದ ಅಳೆದು ಖಂಡಿಸಿದರು. ಆದರೂ ಅಮೆರಿಕವಾಗಲಿ ಭಾರತವಾಗಲಿ ಹೇಗ್ ನ್ಯಾಯಾಲಯದ ಸದಸ್ಯತ್ವವನ್ನು ಇನ್ನೂ ಪಡೆದಿಲ್ಲ. ಅವರು ಹಿಡಿದ ಕೆಲಸ ಅರ್ಧದಲ್ಲೇ ನಿಂತಿದೆ.

73 ವರ್ಷ ಜೊತೆಗೆ ಬಾಳಿದ ಗರ್ಟ್ರೂಡ್ 2019ರಲ್ಲಿ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು, 2016ರಲ್ಲಿ, ಫೆರೆಂಜ್ ತಮ್ಮ ಉಳಿತಾಯದಿಂದ 10 ಲಕ್ಷ ಡಾಲರುಗಳನ್ನು ವಾಷಿಂಗ್ಟನ್ನಿನ ಹತ್ಯಾಕಾಂಡ ಸ್ಮಾರಕ ಸಂಗ್ರಹಾಲಯಕ್ಕೆ, ಇಂಥ ಕೊಲೆಗಳನ್ನು ಮುಂದೆ ತಡೆಯುವ ಕೆಲಸಕ್ಕೆಂದು ಕೊಟ್ಟಿದ್ದರು. ನೆಲಮಾಳಿಗೆಯಲ್ಲಿ ಬೆಳೆದ ಚಮ್ಮಾರನ ಮಗ ತಾನು ಗಳಿಸಿದ್ದನ್ನು ತಾನು ಎಂದೂ ಕಾಣದ ಮಕ್ಕಳ ಹೆಸರಿಗೆ ಬರೆದಿಟ್ಟದ್ದು ಹೀಗೆ.