ಗೊಂಬೆಗಳ ಕಾಲಡಿಯ ನಾಡು

ನವರಾತ್ರಿಯ ಗೊಂಬೆ ಹಬ್ಬಕ್ಕೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಎರಡು ಬಗೆಯ ರಚನೆಗಳು ಸಿದ್ಧವಾಗುತ್ತವೆ. ಪಟ್ಟದ ಗೊಂಬೆಗಳೆಂದು ಹೆಸರಾದ ರಾಜ-ರಾಣಿಯರ ಮರದ ಗೊಂಬೆಗಳಿಗೆ ಅಗ್ರಸ್ಥಾನ ಕೊಟ್ಟು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಸಾಲು ಒಂದಾದರೆ, ಆ ಮೆಟ್ಟಿಲುಗಳ ಬುಡದಲ್ಲಿ ಮರಳು, ಮಣ್ಣು, ರಟ್ಟು, ಕಡ್ಡಿಗಳಿಂದ ಕಟ್ಟುವ, ಮನೆಮಂದಿ ‘ಪಾರ್ಕ್’ ಎಂದೇ ಕರೆಯುವ ಕಿರು ಭೂದೃಶ್ಯ ಇನ್ನೊಂದು. ಗೊಂಬೆಗಳು ಹಬ್ಬದ ನಂತರ ಬಟ್ಟೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆ ಸೇರಿ ತಲೆಮಾರುಗಳವರೆಗೆ ಉಳಿಯುತ್ತವೆ. ಪಾರ್ಕಿನ ಬೆಟ್ಟ, ಕೆರೆ, ಹೊಲಗಳು ಕೆಲವೇ ದಿನಗಳಲ್ಲಿ ಗುಡಿಸಿ ಹೋಗುತ್ತವೆ. ಹೀಗೆ ಅಳಿದುಹೋಗುವುದರಿಂದಲೇ ಈ ಎರಡನೆಯ ರಚನೆಗೆ ಕಲೆಯೆಂಬ ಮನ್ನಣೆ ಅಷ್ಟಾಗಿ ದೊರೆತಿಲ್ಲವಾದರೂ, ಅದರ ಹಿಂದಿರುವ ಕೌಶಲ ಜಗತ್ತಿನ ಬೇರೆಡೆ ಒಂದು ವ್ಯವಸ್ಥಿತ ಹವ್ಯಾಸವಾಗಿ ಬೆಳೆದಿದೆ.

ಮೇಜಿನ ಮೇಲೆ ಕಿರುಗೊಂಬೆಗಳನ್ನು ನಡೆಸಿ ಆಡುವ ಕಾಳಗದ ಆಟಗಳೇ ಆ ಹವ್ಯಾಸದ ನೆಲೆ. ಪ್ರಷ್ಯದ ರೈಸ್‌ವಿಟ್ಜ್ 1812ರಲ್ಲಿ ತನ್ನ ದೊರೆಗೆ ಒಪ್ಪಿಸಿದ ಯುದ್ಧಕ್ರೀಡೆಯ ಮೇಜಿನಲ್ಲಿ ಬೆಟ್ಟ, ನದಿ, ರಸ್ತೆಗಳನ್ನು ತೋರುವ ಬಿಡಿ ಹಲಗೆಗಳಿದ್ದು, ಅವುಗಳನ್ನು ಬೇಕಾದಂತೆ ಜೋಡಿಸಿ ಹೊಸ ರಣಭೂಮಿಯನ್ನು ರಚಿಸಬಹುದಾಗಿತ್ತು. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಪ್ರಕಟಿಸಿದ ‘ಲಿಟ್ಲ್ ವಾರ್ಸ್’ ಕೃತಿಯು ಆಟಿಕೆ ಸೈನಿಕರ ಕಾಳಗಕ್ಕೆ ನಿಯಮಗಳನ್ನು ಹಾಕಿಕೊಟ್ಟು, ಈ ಆಟವನ್ನು ಸಾಮಾನ್ಯರ ಮನೆಯ ನೆಲಕ್ಕೆ ಇಳಿಸಿತು. ಇಂಥ ಆಟಗಳಲ್ಲಿ ಭೂದೃಶ್ಯವು ಅಲಂಕಾರವಲ್ಲ, ನಿಯಮದ ಭಾಗ: ಗುಡ್ಡವು ಎದುರಾಳಿಯ ದೃಷ್ಟಿಯನ್ನು ತಡೆಯುತ್ತದೆ, ತೋಪು ಮರೆ ಕೊಡುತ್ತದೆ, ಹೊಳೆಯು ನಡಿಗೆಯನ್ನು ನಿಧಾನಗೊಳಿಸುತ್ತದೆ. ದಸರೆಯ ಪಾರ್ಕಿನಲ್ಲಿ ಗೆಲುವು-ಸೋಲುಗಳಿಲ್ಲದಿದ್ದರೂ ನೆಲದ ಪಾತ್ರ ಅಷ್ಟೇ ಮುಖ್ಯವಾದುದು; ಹೊಲವಿಲ್ಲದೆ ಎತ್ತಿನ ಗಾಡಿಯ ಗೊಂಬೆಗೆ, ಬೀದಿಯಿಲ್ಲದೆ ಮದುವೆಯ ದಿಬ್ಬಣಕ್ಕೆ ಕಥೆಯೇ ಹುಟ್ಟುವುದಿಲ್ಲ.

ಗೊಂಬೆ ಮತ್ತು ನೆಲ ಎರಡಕ್ಕೂ ಮಾದರಿ ಒದಗಿಸುವ ಸೀಮೆಯೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಒಳಗೊಂಡ ಪ್ರದೇಶ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆಮರವನ್ನು ಲೇತ್ ಯಂತ್ರದಲ್ಲಿ ತಿರುಗಿಸಿ, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಉಜ್ಜಿ ಹೊಳಪೇರಿಸುವ ಗೊಂಬೆಗಳು ಭೌಗೋಳಿಕ ಸೂಚಕ ಮಾನ್ಯತೆ ಪಡೆದಿವೆ. ನೆಲದ ಮಾದರಿಯಂತೂ ಸುತ್ತಲೂ ಬಯಲಲ್ಲೇ ನಿಂತಿದೆ. ಕನಕಪುರ ತಾಲ್ಲೂಕಿನ ಕಬ್ಬಾಳು ಗ್ರಾಮದಲ್ಲಿ ಕಬ್ಬಾಳಮ್ಮನ ಗುಡಿಯ ಹಿಂದೆ ಏಳುವ, ಹಿಂದೊಮ್ಮೆ ಮೈಸೂರು ಸಂಸ್ಥಾನದ ಸೆರೆಮನೆಯಾಗಿದ್ದ ಕಬ್ಬಾಳದುರ್ಗ, 1,226 ಮೀಟರ್ ಎತ್ತರದ ಮಾಗಡಿಯ ಸಾವನದುರ್ಗ, ರಾಮನಗರದ ರಾಮದೇವರ ಬೆಟ್ಟ, ಇವೆಲ್ಲ ಸುಮಾರು 250 ಕೋಟಿ ವರ್ಷ ಹಳೆಯದಾದ ಗ್ರಾನೈಟ್ ಶಿಲಾಪಟ್ಟಿಯ ಸೀಮೆಗೆ ಸೇರಿದವು. ರಾಮನಗರದ ಹಿಂದಿನ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆಯುತ್ತಾರೆ.

ಇಂಥ ಬೆಟ್ಟವೊಂದನ್ನು ಮನೆಯಲ್ಲಿ ಕಟ್ಟಲು ತೊಡಗುವವರು ಮೊದಲು ಅಳತೆಯನ್ನು ನಿರ್ಧರಿಸಬೇಕಾಗುತ್ತದೆ. 1:72 ಎಂಬ ಪ್ರಚಲಿತ ಪ್ರಮಾಣದಲ್ಲಿ ಆರಡಿಯ ಮನುಷ್ಯ ಒಂದು ಅಂಗುಲವಾಗುತ್ತಾನೆ. ಅದೇ ಲೆಕ್ಕದಲ್ಲಿ 300 ಮೀಟರ್ ಏರುವ ಬೆಟ್ಟವು 4 ಮೀಟರಿಗೂ ಮಿಕ್ಕಿ ಮನೆಯ ಸೂರನ್ನೇ ದಾಟುತ್ತದೆ. ಆದ್ದರಿಂದ ಗೊಂಬೆಯ ಪಕ್ಕದ ಬಾಗಿಲು, ಮೆಟ್ಟಿಲು, ಗಾಡಿಗಳಿಗೆ ಮಾತ್ರ ಗೊಂಬೆಯ ಪ್ರಮಾಣವನ್ನೇ ಅನುಸರಿಸಿ, ಬೆಟ್ಟವನ್ನು ಬಹಳ ಕುಗ್ಗಿಸಿ, ಅದರ ಮೇಲಿನ ಗುಡಿ ಮತ್ತು ಮರಗಳನ್ನು ಬುಡದಲ್ಲಿರುವುದಕ್ಕಿಂತ ಚಿಕ್ಕದಾಗಿ ಮಾಡಿದರೆ, ಕಣ್ಣು ತಾನಾಗಿಯೇ ದೂರವನ್ನೂ ಎತ್ತರವನ್ನೂ ಊಹಿಸಿಕೊಳ್ಳುತ್ತದೆ.

ಬೆಟ್ಟದ ಒಡಲಿಗೆ ಖರ್ಚಿಲ್ಲದ ಸಾಮಗ್ರಿಯೆಂದರೆ ಹಳೆಯ ಪತ್ರಿಕೆ. ರಟ್ಟಿನ ತಳಹದಿಯ ಮೇಲೆ ಕಾಗದದ ಉಂಡೆಗಳನ್ನು ಪೇರಿಸಿ ದಾರದಿಂದ ಬಿಗಿದು, ಮೈದಾ ಅಂಟಿನಲ್ಲಿ ಅದ್ದಿದ ಕಾಗದದ ಚೂರುಗಳನ್ನು ಎರಡು-ಮೂರು ಪದರ ಹೊದಿಸಿ, ಪ್ರತಿ ಪದರವನ್ನೂ ಚೆನ್ನಾಗಿ ಒಣಗಿಸಿದರೆ ಗಟ್ಟಿಯಾದ ಚಿಪ್ಪು ಸಿದ್ಧವಾಗುತ್ತದೆ. ಹುಳು ಹಿಡಿಯದಂತೆ ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ರೂಢಿಯಿದೆಯಾದರೂ ಅದು ವಿಷವಾದ್ದರಿಂದ ಮಕ್ಕಳು ಕೈಯಾಡಿಸುವ ಕೆಲಸದಲ್ಲಿ ಅದನ್ನು ಬಿಡುವುದೇ ಒಳಿತು. ಸಾಮಾನು ಕಟ್ಟಿ ಬಂದ ಥರ್ಮಾಕೋಲನ್ನು ಮರುಬಳಕೆ ಮಾಡುವವರು ನೀರಿನಲ್ಲಿ ಬೆರೆಯುವ ಬಿಳಿ ಅಂಟನ್ನೇ ಬಳಸಬೇಕು. ದ್ರಾವಕವಿರುವ ಅಂಟು ಮತ್ತು ಸ್ಪ್ರೇ ಬಣ್ಣಗಳು ಥರ್ಮಾಕೋಲನ್ನು ಕರಗಿಸಿಬಿಡುತ್ತವೆ.

ಕಲೆಯ ನಿಜವಾದ ಪರೀಕ್ಷೆ ಇರುವುದು ಮೇಲ್ಮೈಯಲ್ಲಿ. ವಿದೇಶಿ ಮಾದರಿಗಳಲ್ಲಿ ಮರದ ತೊಗಟೆಯ ಚೂರುಗಳನ್ನು ಜೋಡಿಸಿ ಪದರು ಪದರಾದ ಕಡಿದಾದ ಬಂಡೆಯನ್ನು ತೋರಿಸುವುದುಂಟು. ಆ ವಿಧಾನ ಕಬ್ಬಾಳಿನ ಬೆಟ್ಟಕ್ಕೆ ಹೊಂದದು. ಗ್ರಾನೈಟ್ ಬಂಡೆಯ ಹೊರಮೈ ಈರುಳ್ಳಿಯ ಸಿಪ್ಪೆಯಂತೆ ದೊಡ್ಡ ದೊಡ್ಡ ಹಾಳೆಗಳಾಗಿ ಕಳಚುವುದರಿಂದ ಇಲ್ಲಿನ ಬೆಟ್ಟಗಳು ನುಣುಪಾಗಿ ಗುಂಡಗಾಗಿರುತ್ತವೆ. ಮಳೆನೀರು ಹರಿದ ಜಾಡುಗಳಲ್ಲಿ ಕಪ್ಪು ಪಟ್ಟೆಗಳು ಇಳಿದಿರುತ್ತವೆ. ಬಿರುಕುಗಳಲ್ಲಿ ಮಾತ್ರ ಕುರುಚಲು ಗಿಡ ಬೇರೂರುತ್ತದೆ. ಆದ್ದರಿಂದ ಚಿಪ್ಪನ್ನು ಉಜ್ಜಿ ನಯಗೊಳಿಸಿ, ಮೊದಲು ಕಡು ಬೂದುಬಣ್ಣ ಬಳಿದು, ಅದು ಒಣಗಿದ ಮೇಲೆ ಬಹುತೇಕ ಒಣಗಿದ ಕುಂಚದಿಂದ ತಿಳಿ ಬೂದು ಮತ್ತು ನಸುಗೆಂಪನ್ನು ಉಬ್ಬಿದ ಭಾಗಗಳಿಗಷ್ಟೇ ಸವರಿ, ಕೊನೆಯಲ್ಲಿ ನೀರು ಬೆರೆಸಿದ ಕಪ್ಪನ್ನು ನೆತ್ತಿಯಿಂದ ಕೆಳಕ್ಕೆ ಹರಿಯಬಿಟ್ಟರೆ ಮಳೆ ಮಾಡಿದ ಕೆಲಸವನ್ನು ಬಣ್ಣವೇ ಮಾಡುತ್ತದೆ.

ಉಳಿದ ನೆಲಕ್ಕೂ ಸೀಮೆಯ ಬದುಕೇ ಸಾಮಗ್ರಿ ಒದಗಿಸುತ್ತದೆ. ಜರಡಿ ಹಿಡಿದ ಕೆಮ್ಮಣ್ಣು ದಾರಿಯಾಗುತ್ತದೆ. ರಾಗಿ ಹುಲ್ಲು ಗುಡಿಸಲಿನ ಸೂರಾಗುತ್ತದೆ. ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯ ಕವಲುಗಳಿಗೆ ಬಣ್ಣ ಹಾಕಿದ ಹೀರೆಕಾಯಿ ನಾರನ್ನು ಸಿಕ್ಕಿಸಿದರೆ ಮರವಾಗುತ್ತದೆ. ಲೇತ್ ಕೆಲಸದ ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿದರೆ ಹುಲ್ಲುಗಾವಲಾಗುತ್ತದೆ. ಆದರೆ ಮೇಜಿನ ಆಟದವರು ಒಣ ಸಾಮಗ್ರಿಯಿಂದ ಅನುಕರಿಸುವ ಹಸಿರನ್ನು ದಸರೆಯ ಪಾರ್ಕು ಜೀವಂತವಾಗಿಯೇ ಬೆಳೆಯುತ್ತದೆ: ಒಂದು ರಾತ್ರಿ ನೆನೆಸಿದ ರಾಗಿಯನ್ನೋ ಸಾಸಿವೆಯನ್ನೋ ತೆಳುವಾದ ಮಣ್ಣಿನ ಮೇಲೆ ಹಬ್ಬಕ್ಕೆ ಕೆಲವು ದಿನ ಮುಂಚೆ ಎರಚಿ ನೀರು ಚಿಮುಕಿಸುತ್ತ ಬಂದರೆ, ಗೊಂಬೆ ಕೂರಿಸುವ ಹೊತ್ತಿಗೆ ಪೈರು ಎದ್ದಿರುತ್ತದೆ. ಅದರ ನಡುವೆ ಅಂಚಿಗೆ ಮಣ್ಣು ಮೆತ್ತಿ ಇಟ್ಟ ಕನ್ನಡಿಯೇ ಕೆರೆ.

ಕಿರು ಭೂದೃಶ್ಯವನ್ನು ಕಟ್ಟುವ ಮಗು ಬೆಟ್ಟ ಏಕೆ ಗುಂಡಗಿದೆ, ಕೆರೆ ಏಕೆ ತಗ್ಗಿನಲ್ಲಿದೆ, ಊರು ಏಕೆ ಆ ಬೆಟ್ಟದ ಬುಡದಲ್ಲೇ ಬೆಳೆಯಿತು ಎಂಬ ಪ್ರಶ್ನೆಗಳನ್ನು ಕೈಯಿಂದಲೇ ಕೇಳಿಕೊಳ್ಳುತ್ತದೆ. ಭೂಗೋಳದ ಪಾಠಕ್ಕೆ ಇದಕ್ಕಿಂತ ಅಗ್ಗವಾದ ಮತ್ತು ಆಳವಾದ ಪ್ರವೇಶ ಸಿಗುವುದು ಕಷ್ಟ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವು ಹಳ್ಳಿಗಾಡಿನ ಬಳಕೆಯ ವಸ್ತುಗಳನ್ನು ಕಾಪಿಟ್ಟು, ನಿತ್ಯದ ಸಂಗತಿಗಳೂ ಸಂಸ್ಕೃತಿಯ ದಾಖಲೆಗಳೆಂಬುದನ್ನು ತೋರಿಸಿಕೊಟ್ಟಿದೆ. ವರ್ಷಕ್ಕೊಮ್ಮೆ ಹುಟ್ಟಿ ಅಳಿಯುವ ಪಾರ್ಕುಗಳನ್ನು ಚಿತ್ರ ಮತ್ತು ಅಳತೆಗಳೊಡನೆ ದಾಖಲಿಸಿ, ಅವುಗಳನ್ನು ಕಟ್ಟುವ ಕ್ರಮವನ್ನು ಹಿರಿಯರಿಂದ ಕೇಳಿ ಬರೆದಿಟ್ಟು, ಶಾಲೆಗಳಲ್ಲಿ ಮಕ್ಕಳಿಗೆ ತಮ್ಮ ಊರಿನದೇ ಬೆಟ್ಟವನ್ನು ಕಟ್ಟಲು ಕಲಿಸಿದರೆ, ಗೊಂಬೆಗಳಿಗೆ ಸಂದ ಗೌರವ ಅವುಗಳ ಕಾಲಡಿಯ ನೆಲಕ್ಕೂ ಸಲ್ಲುತ್ತದೆ.