ಬೇಗೆಯನ್ನು ತಾಳುವ ಗುಳಿಗೆ

ಮಂಡ್ಯ ಜಿಲ್ಲೆಯ ಚಿಕ್ಕರಸಿನಕೆರೆಯ ಸುತ್ತಲಿನದು ಕಬ್ಬಿನ ಸೀಮೆ. ಆಲೆಮನೆಯಲ್ಲಿ ಬೆಲ್ಲದ ಪಾಕವನ್ನು ಒಂದೊಂದು ಕೊಪ್ಪರಿಗೆಯಾಗಿ ಇಳಿಸುವುದು ವಾಡಿಕೆ. ಹದ ತಪ್ಪಿದರೆ ಇಡೀ ಕೊಪ್ಪರಿಗೆಯೇ ಕೆಟ್ಟಂತೆ. ಔಷಧಿಯ ಗುಳಿಗೆಗಳ ತಯಾರಿಕೆಯೂ ಬಹುಮಟ್ಟಿಗೆ ಹೀಗೆ ಒಬ್ಬೆ ಒಬ್ಬೆಯಾಗಿಯೇ ನಡೆದುಬಂದಿದೆ.

ಇನ್ನೊಂದು ವಿಧಾನವು ಶಾವಿಗೆ ಯಂತ್ರವನ್ನು ನೆನಪಿಗೆ ತರುವಂತಹುದು. ಔಷಧಿಯ ಪುಡಿಯನ್ನೂ ಪಾಲಿಮರ್ ಪುಡಿಯನ್ನೂ ಬಿಸಿ ಕೊಳವೆಯೊಂದಕ್ಕೆ ಎಡೆಬಿಡದೆ ಸುರಿಯುತ್ತಾರೆ. ಒಳಗೆ ಜೊತೆಯಾಗಿ ತಿರುಗುವ ಎರಡು ತಿರುಪುಗಳು ಅದನ್ನು ಕರಗಿಸಿ, ನಾದಿ, ಮುಂದಕ್ಕೆ ನೂಕುತ್ತವೆ. ಹೊರಬಂದ ಎಳೆಯನ್ನು ತಣಿಸಿ, ಪುಡಿ ಮಾಡಿ, ಗುಳಿಗೆಯಾಗಿ ಒತ್ತುತ್ತಾರೆ. ಹದಗೆಟ್ಟ ಭಾಗವನ್ನಷ್ಟೇ ಬೇರ್ಪಡಿಸಬಹುದು. ನೀರಿನಲ್ಲಿ ಸುಲಭವಾಗಿ ಕರಗದ ಔಷಧಿಯೂ ಪಾಲಿಮರಿನಲ್ಲಿ ಅಣು ಅಣುವಾಗಿ ಹರಡಿ, ಹೊಟ್ಟೆಯಲ್ಲಿ ಕರಗುವಂತಾಗುತ್ತದೆ. ಬೆಂಗಳೂರಿನ ಸ್ಟೀರ್ ಸಂಸ್ಥೆಯು ಇಂತಹ ಜೋಡಿ ತಿರುಪಿನ ಯಂತ್ರಗಳಿಗೆ ಹೆಸರಾಗಿದೆ.

ಇದರಿಂದ ರೋಗಿಗಾದ ಲಾಭವೇನು? ಎಚ್‌ಐವಿ ಸೋಂಕಿತರು ಲೋಪಿನವಿರ್–ರಿಟೊನವಿರ್ ಔಷಧಿಯನ್ನು ಹಿಂದೆ ದಿನಕ್ಕೆ 6 ಕ್ಯಾಪ್ಸೂಲಿನಂತೆ ನುಂಗಬೇಕಾಗಿತ್ತು. ಅವು ಬಹುಕಾಲ ಕೆಡದಿರಲು ರೆಫ್ರಿಜರೇಟರ್ ಬೇಕಾಗಿತ್ತು. 2005ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ, ಈ ವಿಧಾನದ ಗುಳಿಗೆಗಳು ದಿನಕ್ಕೆ 4 ಸಾಕಾದುವು. ರೆಫ್ರಿಜರೇಟರಿನ ಹಂಗೂ ತಪ್ಪಿತು. ಬಿಸಿಗೆ ಕೆಡುವ ಔಷಧಿಗಳಿಗೆ ಈ ಕ್ರಮವು ಒಗ್ಗದೆಂಬುದು ನಿಜ. ಒಗ್ಗಿದ ಕಡೆ, ಬೆಂಕಿಯನ್ನು ಹಾಯ್ದು ಬಂದ ಮದ್ದು ಬೇಸಗೆಯ ಬಡಮನೆಯಲ್ಲಿಯೂ ಕೆಡದೆ ಉಳಿಯುತ್ತದೆ.