ಸೋಡಿಯಂ ಬ್ಯಾಟರಿ: ಕಾಯಬೇಕೇ, ಕೊಳ್ಳಬೇಕೇ?

ವಿದ್ಯುತ್ ಕಡಿತವಾದ ಕ್ಷಣದಲ್ಲಿ ಕಂಪ್ಯೂಟರ್ ಮತ್ತು ಯಂತ್ರಗಳ ನಿಯಂತ್ರಣ ಫಲಕ ನಿಲ್ಲದಂತೆ ಕಾಯುವ ಯುಪಿಎಸ್ ಇಲ್ಲದ ಅಂಗಡಿ, ಕಾರ್ಖಾನೆಗಳು ಇಂದು ವಿರಳ. ಅದರ ಸೀಸದ ಬ್ಯಾಟರಿಗಳನ್ನು ಕೆಲವೇ ವರ್ಷಗಳಿಗೊಮ್ಮೆ ಬದಲಿಸುವ ವೆಚ್ಚವು ನಮ್ಮ ಸದಸ್ಯರಿಗೆ ಹೊಸದೇನಲ್ಲ. ಅವುಗಳ ಬದಲಿಗೆ ಲಿಥಿಯಂ ಬ್ಯಾಟರಿ ಅಳವಡಿಸೋಣವೆಂದು ಹಲವರು ಯೋಚಿಸುತ್ತಿರುವಾಗಲೇ ಸೋಡಿಯಂ ಅಯಾನ್ ಬ್ಯಾಟರಿಯ ವಾರ್ತೆ ಬಂದಿದೆ. ಹೊಸದಕ್ಕಾಗಿ ಕಾಯಬೇಕೇ?

ಎರಡರ ತತ್ತ್ವವೂ ಒಂದೇ. ಚಾರ್ಜ್ ಮಾಡುವಾಗ ಅಯಾನುಗಳು ಧನಾಗ್ರದಿಂದ ಋಣಾಗ್ರಕ್ಕೆ ಸಾಗುತ್ತವೆ, ಬಳಸುವಾಗ ಮರಳುತ್ತವೆ. ಲಿಥಿಯಂ ಬದಲು ಸೋಡಿಯಂ ಓಡಾಡುತ್ತದೆ, ಅಷ್ಟೆ. ಆದರೆ ಇದರಿಂದ ಕಚ್ಚಾ ಸಾಮಗ್ರಿಯ ಪಟ್ಟಿಯೇ ಬದಲಾಗುತ್ತದೆ. ಭೂಮಿಯ ಹೊರಪದರದಲ್ಲಿ ಸೋಡಿಯಂ ಲಿಥಿಯಂಗಿಂತ ಸಾವಿರ ಪಟ್ಟು ಹೆಚ್ಚಾಗಿದೆ. ಗುಜರಾತಿನಲ್ಲಿ ಸೋಡಾ ಆ್ಯಶ್ ಹೇರಳವಾಗಿ ತಯಾರಾಗುತ್ತದೆ. ಲಿಥಿಯಂ ವಿಷಯವೇ ಬೇರೆ: ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಪ್ರದೇಶದ ನಿಕ್ಷೇಪದ ಬಗ್ಗೆ ಬಹಳ ಸದ್ದಾಯಿತು, 2021ರಲ್ಲಿ ಸಂಸತ್ತಿಗೆ ನೀಡಿದ ಅಂದಾಜು ಕೇವಲ 1,600 ಟನ್. ಲಿಥಿಯಂ ಕೋಶದ ಋಣಾಗ್ರಕ್ಕೆ ತಾಮ್ರದ ಹಾಳೆ ಬೇಕು. ಸೋಡಿಯಂಗೆ ಎರಡೂ ಕಡೆ ಅಗ್ಗದ ಅಲ್ಯೂಮಿನಿಯಂ ಸಾಕು. ಆದ್ದರಿಂದಲೇ ಇದನ್ನು ಶೂನ್ಯ ವೋಲ್ಟ್‌ಗೆ ಇಳಿಸಿ ಸಾಗಿಸಬಹುದು. ಸರಕು ಸಾಗಣೆಯ ಅಪಾಯ ಬಲ್ಲವರಿಗೆ ಇದರ ಬೆಲೆ ತಿಳಿದಿದೆ.

ಕೊರತೆ ಇರುವುದು ತೂಕದಲ್ಲಿ. ಚೀನಾದ ಸಿಎಟಿಎಲ್ ಕಂಪನಿಯು 2021ರಲ್ಲಿ ಪ್ರಕಟಿಸಿದ ಕೋಶವು ಕಿಲೋಗೆ 160 ವ್ಯಾಟ್-ಗಂಟೆ ಹಿಡಿಯುತ್ತಿತ್ತು. 2025ರಲ್ಲಿ ಪ್ರಕಟಿಸಿದ್ದು 175. ನಿಕ್ಕಲ್ ಬಳಸುವ ಉತ್ತಮ ಲಿಥಿಯಂ ಕೋಶಗಳು 250ನ್ನು ದಾಟುತ್ತವೆ. ಸೀಸದ ಬ್ಯಾಟರಿಯದು 30ರಿಂದ 50. ದೂರ ಓಡುವ ವಾಹನಕ್ಕೆ ಈ ಅಂತರ ದೊಡ್ಡದು, ಗೋಡೆಯ ಪಕ್ಕ ಕುಳಿತಿರುವ ಯುಪಿಎಸ್‌ಗೆ ಅಲ್ಲ.

ಹಾಗಿದ್ದರೂ ಸೋಡಿಯಂ ಮಾರುಕಟ್ಟೆಯನ್ನು ಆವರಿಸದಿರಲು ಕಾರಣ ವಿಜ್ಞಾನವಲ್ಲ, ಧಾರಣೆ. 2022ರ ಕೊನೆಯಲ್ಲಿ ಚೀನಾದಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ ಸುಮಾರು 6 ಲಕ್ಷ ಯುವಾನ್ ಮುಟ್ಟಿತ್ತು. ಆ ದರದಲ್ಲಿ ಸೋಡಿಯಂ ಖಂಡಿತ ಲಾಭದಾಯಕ. 2024ರ ಆರಂಭಕ್ಕೆ ಅದು 1 ಲಕ್ಷದ ಆಸುಪಾಸಿಗೆ ಕುಸಿಯಿತು. ಹೊಸಬರ ಲೆಕ್ಕವೆಲ್ಲ ತಲೆಕೆಳಗಾಯಿತು. ಅಮೆರಿಕದ ನೇಟ್ರಾನ್ ಕಂಪನಿ 2025ರಲ್ಲಿ ಬಾಗಿಲು ಮುಚ್ಚಿತು. ಇನ್ನೊಂದೆಡೆ, ಚೀನಾದ ಹುಬೆ ಪ್ರಾಂತ್ಯದಲ್ಲಿ 100 ಮೆಗಾವ್ಯಾಟ್-ಗಂಟೆಯ ಸೋಡಿಯಂ ಸಂಗ್ರಹಾಗಾರ 2024ರಲ್ಲಿಯೇ ಕಾರ್ಯಾರಂಭ ಮಾಡಿದೆ. ನಮ್ಮ ರಿಲಯನ್ಸ್ ಸಂಸ್ಥೆಯು ಬ್ರಿಟನ್ನಿನ ಫ್ಯಾರಾಡಿಯನ್ ಕಂಪನಿಯನ್ನು ಕೊಂಡಿದೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡವು 2025ರಲ್ಲಿ ಪ್ರಕಟಿಸಿದ ಕೋಶವು ಆರು ನಿಮಿಷಗಳಲ್ಲಿ ಶೇ. 80ರಷ್ಟು ತುಂಬುತ್ತದೆ, 3,000ಕ್ಕೂ ಹೆಚ್ಚು ಬಾರಿ ತುಂಬಿ ಬಳಸಬಹುದು. ಋಣಾಗ್ರದ ಕಣಗಳನ್ನು ನ್ಯಾನೋ ಗಾತ್ರಕ್ಕೆ ಇಳಿಸಿ, ಇಂಗಾಲದ ತೆಳುಲೇಪ ನೀಡಿ, ಅಲ್ಪ ಪ್ರಮಾಣದ ಅಲ್ಯೂಮಿನಿಯಂ ಸೇರಿಸಿದ್ದು ಇದರ ಮರ್ಮ. ಪ್ರಯೋಗಾಲಯದ ಕೋಶ ಕಾರ್ಖಾನೆಗೆ ಬರಲು ವರ್ಷಗಳು ಹಿಡಿಯುವುದು ವಾಡಿಕೆ.

ಈಗ ಪ್ರಚಲಿತವಿರುವ ಸೋಡಿಯಂ ಕೋಶಗಳ ಋಣಾಗ್ರಕ್ಕೆ ಹಾರ್ಡ್ ಕಾರ್ಬನ್ ಬೇಕು. ಅದನ್ನು ತೆಂಗಿನ ಚಿಪ್ಪಿನಿಂದಲೂ ತಯಾರಿಸಬಹುದು. ತಿಪಟೂರು, ಅರಸೀಕೆರೆ ಸೀಮೆಯಲ್ಲಿ ಚಿಪ್ಪಿಗೆ ಬರವಿಲ್ಲ. ಆದರೆ ಒಲೆಯ ಇದ್ದಿಲು ಬೇರೆ, ಇದು ಬೇರೆ: ಗಾಳಿಯಾಡದ ಕುಲುಮೆ, 1,000 ಡಿಗ್ರಿ ಮೀರಿದ ಶಾಖ, ಖನಿಜಾಂಶ ತೊಳೆಯುವ ಕ್ರಮ, ಎಲ್ಲವೂ ಬೇಕು. ಖರೀದಿದಾರ ಸಿಗುವ ಮೊದಲೇ ಕುಲುಮೆ ಕಟ್ಟಲು ಹೊರಡುವುದು ಜಾಣತನವಲ್ಲ.

ಇಂದೇ ಬ್ಯಾಟರಿ ಬೇಕಾದವರು ಕಾಯಬೇಕಾಗಿಲ್ಲ. ಸೀಸವನ್ನಾಗಲಿ ಲಿಥಿಯಂ ಐರನ್ ಫಾಸ್ಫೇಟನ್ನಾಗಲಿ ಕೊಳ್ಳಬಹುದು. ಆದರೆ ಹೊಸ ಇನ್ವರ್ಟರ್ ಕೊಳ್ಳುವವರು, ಅದಕ್ಕಿಂತ ಮುಖ್ಯವಾಗಿ ತಯಾರಿಸುವವರು, ಒಂದು ಅಂಶ ಗಮನಿಸಬೇಕು. ಸೋಡಿಯಂ ಕೋಶದ ವೋಲ್ಟೇಜ್ ಬಳಕೆಯ ಅವಧಿಯಲ್ಲಿ ಸುಮಾರು 4ರಿಂದ 1.5ರವರೆಗೆ ಇಳಿಯುತ್ತದೆ. ಸೀಸಕ್ಕೆಂದು ರೂಪಿಸಿದ ಇನ್ವರ್ಟರ್ ಇಷ್ಟು ಏರಿಳಿತವನ್ನು ತಾಳದೆ ಅರ್ಧದಲ್ಲಿಯೇ ನಿಂತುಬಿಡುತ್ತದೆ. ನಿಮ್ಮ ಮಾರಾಟಗಾರರು ನೀಡುವ ಇನ್ವರ್ಟರ್ ಎಷ್ಟು ವೋಲ್ಟ್‌ನಿಂದ ಎಷ್ಟು ವೋಲ್ಟ್‌ವರೆಗೆ ಕೆಲಸ ಮಾಡುತ್ತದೆಂಬುದನ್ನು ಬರಹದಲ್ಲಿಯೇ ಕೇಳಿ ಪಡೆಯಿರಿ.